ಕಿಂಡಿ ಅಣೆಕಟ್ಟು ಸರಕಾರದ್ದು, ಹಲಗೆ ಹಾಕುವವರು ಯಾರು?



ಒಣಬೇಸಾಯ, ಜಲಾನಯನ, ಊರೊಟ್ಟಿನ ನೀರು ನಿರ್ವಹಣೆ ಎಂಬ ಮಾತು ಬಂದಾಗಲೆಲ್ಲ ಕೋಲಾರ, ಚಿತ್ರದುರ್ಗಗಳ ಹೆಸರು ಬರುತ್ತದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಅದೆಲ್ಲ ಯಾಕೆ ಎಂದು ಅಧಿಕಾರಿಗಳೂ ಕೇಳುತ್ತಾರೆ, ನಮ್ಮವರೂ ಕೇಳುತ್ತಾರೆ. ಮಾರ್ಚ್ ಕೊನೆಗೆ ಕಡಬ, ಸುಳ್ಯ, ಪುತ್ತೂರಿನ ತೋಟಗಳಿಗೆ ಇಳಿದು ನೋಡಿದವರು ಹಾಗೆ ಕೇಳಲಾರರು. ಮಳೆಗಾಲದ ನೀರು ತೋಡು, ಹೊಳೆ ಹಿಡಿದು ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ ಸಮುದ್ರದ ಪಾಲಾಗುತ್ತದೆ. ಜನವರಿ ಕಳೆದ ಮೇಲೆ ನಮ್ಮದೂ ಬಯಲುಸೀಮೆಯೇ.

ಬೇಸಿಗೆಯಲ್ಲಿ ಮೂರರಿಂದ ಐದು ದಿನಕ್ಕೊಮ್ಮೆ ಅಡಿಕೆ ಮರವೊಂದಕ್ಕೆ 175 ಲೀಟರ್ ನೀರು ಬೇಕು ಎಂಬುದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಶಿಫಾರಸು. ಎಕರೆಗೆ 550 ಮರ ಎಂದರೂ ಒಂದು ಸರದಿಗೆ 96 ಸಾವಿರ ಲೀಟರ್ ದಾಟುತ್ತದೆ. ಇಷ್ಟು ನೀರಿಗಾಗಿ ನಾವು ಕಂಡುಕೊಂಡ ದಾರಿ ಕೊಳವೆಬಾವಿ. ಒಬ್ಬರು 400 ಅಡಿ ಕೊರೆಸಿದರೆ ಪಕ್ಕದವರು 600 ಅಡಿಗೆ ಇಳಿಯುತ್ತಾರೆ. ನೆಲದಡಿಯ ನೀರಿಗೆ ವರ್ಗ (ಪಟ್ಟಾ) ಜಾಗದ ಗಡಿ ಗೊತ್ತಿಲ್ಲ. ಒಬ್ಬರ ಪಂಪು ಎಳೆದದ್ದು ಇನ್ನೊಬ್ಬರ ಬಾವಿಯ ನೀರೇ.

ಇದಕ್ಕೆ ಸರಕಾರದ ಉತ್ತರ ಪಶ್ಚಿಮಕ್ಕೆ ಹರಿಯುವ ಹೊಳೆಗಳಿಗೆ ಕಿಂಡಿ ಅಣೆಕಟ್ಟು ಕಟ್ಟುವ ಪಶ್ಚಿಮವಾಹಿನಿ ಯೋಜನೆ. ಅಣೆಕಟ್ಟು ಬೇಡ ಎಂದು ನಾನು ಹೇಳುತ್ತಿಲ್ಲ. ಕಾಂಕ್ರೀಟಿಗೆ ಹಣ ಬರುತ್ತದೆ, ಅದನ್ನು ನಡೆಸುವ ಜನರನ್ನು ಕಟ್ಟಲು ಬರುವುದಿಲ್ಲ ಎಂಬುದೇ ನನ್ನ ತಕರಾರು. ಹೊಳೆಯ ಹರಿವು ಇನ್ನೂ ಚೆನ್ನಾಗಿರುವಾಗಲೇ, ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲಿಗೆ, ನೀರು ನಿಲ್ಲಿಸಲು ಕಿಂಡಿಗಳಿಗೆ ಹಲಗೆ ಕೂರಬೇಕು. ಮಳೆ ಹಿಡಿಯುವ ಮುಂಚೆ ತೆಗೆಯಬೇಕು. ತೆಗೆಯದಿದ್ದರೆ ನೆರೆಯಲ್ಲಿ ಬಂದ ಮರದ ದಿಮ್ಮಿಗಳು ಕಿಂಡಿಗೆ ಸಿಕ್ಕಿ ನೀರು ದಡ ಕೊರೆಯುತ್ತದೆ. ಗುತ್ತಿಗೆದಾರರಿಗೆ ಬಿಲ್ಲು ಆಗಿ ಉದ್ಘಾಟನೆ ಮುಗಿದ ಮೇಲೆ ಈ ಕೆಲಸ ಯಾರದು? ಇಲಾಖೆ ಪಂಚಾಯಿತಿಯನ್ನು ತೋರಿಸುತ್ತದೆ, ಪಂಚಾಯಿತಿ ಕೃಷಿಕರನ್ನು. ಅಷ್ಟರಲ್ಲಿ ಹರಿವು ಇಳಿದಿರುತ್ತದೆ, ಬಳಿಕ ಹಲಗೆ ಹಾಕಿದರೂ ನಿಲ್ಲಿಸಲು ನೀರಿರುವುದಿಲ್ಲ.

ನಮ್ಮ ಹಿರಿಯರು ಪ್ರತಿ ವರ್ಷ ಕಲ್ಲು, ಮಣ್ಣು, ಅಡಿಕೆ ಮರ, ಸೊಪ್ಪು ಹಾಕಿ ಹೊಳೆಗೆ ಅಡ್ಡವಾಗಿ ಕಟ್ಟ ಕಟ್ಟುತ್ತಿದ್ದರು. ಅದು ಬೈಲಿನವರೆಲ್ಲರ ಕೆಲಸವಾಗಿತ್ತು, ದಿನ ತಪ್ಪುತ್ತಿರಲಿಲ್ಲ. ಕಾಸರಗೋಡಿನ ಏತಡ್ಕದಲ್ಲಿ ಒಂದೇ ಹೊಳೆಗೆ ಸಾಲಾಗಿ ಕಟ್ಟ ಹಾಕುವ ಪದ್ಧತಿ ಉಳಿದುಬಂದದ್ದನ್ನೂ, ಎಣ್ಮಕಜೆಯ ಪಡ್ರೆಯಲ್ಲಿ ಕೃಷಿಕರು ಕಟ್ಟಗಳನ್ನು ಮತ್ತೆ ಕಟ್ಟಿದ್ದನ್ನೂ ಪತ್ರಕರ್ತ ಶ್ರೀಪಡ್ರೆಯವರು ಬರೆದು ನಾಡಿಗೆ ತಿಳಿಸಿದ್ದಾರೆ. ಸಾಲು ಕಟ್ಟಗಳ ಲಾಭ ಹೊಳೆಬದಿಯ ತೋಟಕ್ಕಷ್ಟೇ ಅಲ್ಲ, ಸುತ್ತಲಿನ ಬಾವಿಗಳಿಗೂ ಸಿಗುತ್ತದೆ.

ಬಯಲುಸೀಮೆಯಿಂದಲೂ ಕಲಿಯುವುದಿದೆ. 2001ರಿಂದ 2009ರವರೆಗೆ ವಿಶ್ವಬ್ಯಾಂಕ್ ನೆರವಿನಿಂದ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡದಲ್ಲಿ ನಡೆದ ಸುಜಲ ಯೋಜನೆಯಲ್ಲಿ ಹಳ್ಳಿಯವರ ಗುಂಪುಗಳು ರಚನೆಯಾಗಿ, ಅವರೇ ಕುಳಿತು ಕಾಮಗಾರಿಯ ಯೋಜನೆ ಮಾಡಿದರು. ವೆಚ್ಚದಲ್ಲಿ ರೈತರ ಪಾಲೂ ಇತ್ತು. ಮಹಾರಾಷ್ಟ್ರದ ಹಿವರೆ ಬಜಾರದಲ್ಲಿ ಬೀಳುವ ಮಳೆ ನಮ್ಮ ಮಳೆಯ ಹತ್ತನೇ ಒಂದು ಪಾಲಿನಷ್ಟು. ಅಲ್ಲಿ ಗ್ರಾಮಸಭೆ ಪ್ರತಿ ವರ್ಷ ನೀರಿನ ಲೆಕ್ಕ ಹಾಕಿ ಯಾವ ಬೆಳೆ ಎಂದು ತೀರ್ಮಾನಿಸುತ್ತದೆ, ಕೃಷಿಗೆ ಕೊಳವೆಬಾವಿ ಕೊರೆಯುವಂತಿಲ್ಲ. ನಮ್ಮ ಗ್ರಾಮಸಭೆಗಳಲ್ಲಿ ರಸ್ತೆ, ದಾರಿದೀಪದ ಚರ್ಚೆಯಾಗುತ್ತದೆ. ಹೊಳೆಯಲ್ಲಿ ಎಷ್ಟು ನೀರಿದೆ, ಎಷ್ಟು ಪಂಪುಗಳಿವೆ ಎಂದು ಯಾರೂ ಕೇಳುವುದಿಲ್ಲ.

ನಮ್ಮಲ್ಲಿ ಒಗ್ಗಟ್ಟಿಲ್ಲ ಎನ್ನುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಮೊಳಹಳ್ಳಿ ಶಿವರಾಯರು ಸಹಕಾರ ಚಳವಳಿ ಬೆಳೆಸಿದ ಜಿಲ್ಲೆ ಇದು. ಅಡಿಕೆ ಧಾರಣೆ ಕುಸಿದು ಕಂಗಾಲಾದಾಗ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕೃಷಿಕರು 1973ರಲ್ಲಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆ ಕಟ್ಟಿದರು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ತೆರೆದರು. ಧಾರಣೆಗಾಗಿ ಒಂದಾದ ನಾವು ನೀರಿಗಾಗಿ ಯಾಕೆ ಒಂದಾಗಬಾರದು?

ನನ್ನ ಒತ್ತಾಯ ಇಷ್ಟು. ಬಳಕೆದಾರರ ಸಂಘ ನೋಂದಣಿಯಾಗದೆ ಹೊಸ ಕಿಂಡಿ ಅಣೆಕಟ್ಟಿಗೆ ಮಂಜೂರಾತಿ ಬೇಡ. ಈಗಿರುವ ಅಣೆಕಟ್ಟುಗಳನ್ನೂ ಅಂಥ ಸಂಘಗಳಿಗೆ ವಹಿಸಿ, ಹಲಗೆ ಮತ್ತು ಹೂಳಿನ ಖರ್ಚಿಗೆ ವರ್ಷವರ್ಷ ಅನುದಾನ ಕೊಡಲಿ. ಲೆಕ್ಕಪತ್ರ ಊರಿನ ಸಹಕಾರಿ ಸಂಘದ ಮೂಲಕ ನಡೆಯಲಿ. ಹಲಗೆ ಹಾಕುವ ದಿನವನ್ನು ಗ್ರಾಮಸಭೆಯೇ ಗೊತ್ತುಮಾಡಲಿ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಅದಕ್ಕೆ ಕೊಡುವ ಸಹಾಯಧನ ಒಂದು ಬೈಲಿನ ಎಲ್ಲರಿಗೂ ಒಟ್ಟಿಗೆ ಸಿಕ್ಕಿದರೆ ಹೊಳೆಯ ಮೇಲಿನ ಹೊರೆ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ. ನೀರಿನ ಲೆಕ್ಕ ಹಾಕಲು ನೆಟ್ಟಣದ ಕಿದು ಮತ್ತು ವಿಟ್ಲದ ಸಿಪಿಸಿಆರ್‌ಐ ಕೇಂದ್ರಗಳ ವಿಜ್ಞಾನಿಗಳನ್ನು ಗ್ರಾಮಸಭೆಗೆ ಕರೆಯೋಣ.

ಸರಕಾರದ ಆದೇಶ ಬರುವವರೆಗೆ ನಾವು ಕಾಯಬೇಕಿಲ್ಲ. ಬರುವ ನವೆಂಬರಿನೊಳಗೆ ಪ್ರತಿ ಬೈಲಿನವರೂ ಒಮ್ಮೆ ಕುಳಿತು ಹಲಗೆಯ ಜವಾಬ್ದಾರಿ ಹಂಚಿಕೊಂಡರೆ ಮುಂದಿನ ಬೇಸಿಗೆಯೇ ಬೇರೆಯಾಗುತ್ತದೆ. ಪಂಚಾಯಿತಿ ಸದಸ್ಯರು ಮತ್ತು ಸಹಕಾರಿ ಸಂಘಗಳ ನಿರ್ದೇಶಕರು ಮೊದಲ ಸಭೆ ಕರೆಯಬೇಕೆಂದು ಈ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ಓರ್ವ ಅಡಿಕೆ ಕೃಷಿಕ, ನೆಟ್ಟಣ, ಕಡಬ ತಾಲೂಕು