ಪತ್ರಿಕೆ ಯಾರದ್ದು: ಮಾರುವವರದ್ದೋ, ತಿದ್ದುವವರದ್ದೋ?

ಥೀಸಿಸ್ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಬಹಳ ಮಂದಿಗೆ ಎದುರಾಗುವ ಪ್ರಶ್ನೆ, "ಪೇಪರ್ ಎಲ್ಲಿಗೆ ಕಳಿಸೋದು?" ಇಂಪ್ಯಾಕ್ಟ್ ಫ್ಯಾಕ್ಟರ್ ನೋಡ್ತೀವಿ, ಗೈಡ್ ಹೇಳಿದ್ದು ಕೇಳ್ತೀವಿ. ಆ ಪತ್ರಿಕೆಯ ಸಂಪಾದಕರು ಯಾರು, ಅದರ ಹೆಸರು ಯಾರ ಸ್ವತ್ತು ಅಂತ ಮಾತ್ರ ವಿಚಾರಿಸೋದಿಲ್ಲ. ವಿಚಾರಿಸಬೇಕು ಅನ್ನೋದು ನಮ್ಮ ಅಭಿಪ್ರಾಯ.

ಯಾಕೆ ಅನ್ನೋದಕ್ಕೆ ಉದಾಹರಣೆ ನಾವಿರುವ ದೇಶದಲ್ಲೇ ಇದೆ. 'ಲಿಂಗ್ವಾ' 1949ರಲ್ಲಿ ಶುರುವಾದ ಭಾಷಾವಿಜ್ಞಾನದ ಪತ್ರಿಕೆ. ಪ್ರಕಾಶಕರು ಆಮ್‌ಸ್ಟರ್‌ಡ್ಯಾಮಿನ ಎಲ್ಸೆವಿಯರ್. ಸಂಪಾದಕ ಮಂಡಳಿಯ ಮುಂದಾಳು ಲೈಡನ್ ವಿಶ್ವವಿದ್ಯಾಲಯದ ಯೋಹಾನ್ ರೋರಿಕ್. 2015ರಲ್ಲಿ ಸಂಪಾದಕರು ನಾಲ್ಕು ಬೇಡಿಕೆ ಇಟ್ಟರು: ಲೇಖನಗಳು ಓದುಗರಿಗೆ ಉಚಿತವಾಗಿ ಸಿಗಲಿ, ಹಕ್ಕು ಲೇಖಕರಲ್ಲೇ ಉಳಿಯಲಿ, ಪ್ರಕಟಣೆಯ ಶುಲ್ಕ 400 ಯೂರೋ ದಾಟದಿರಲಿ, ಪತ್ರಿಕೆಯ ಹೆಸರು ಸಂಪಾದಕರದಾಗಲಿ. ಕಂಪನಿ ಒಪ್ಪಲಿಲ್ಲ. ಆರೂ ಸಂಪಾದಕರು, ಮಂಡಳಿಯ 31 ಸದಸ್ಯರು ರಾಜೀನಾಮೆ ಕೊಟ್ಟರು. 2016ರಲ್ಲಿ 'ಗ್ಲೋಸಾ' ಎಂಬ ಮುಕ್ತ ಪತ್ರಿಕೆ ಹುಟ್ಟಿತು. ಹಳೆಯ ಹೆಸರು ಕಂಪನಿಯ ಬಳಿ ಉಳಿಯಿತು, ತಿದ್ದುವ ಕೈಗಳು ಮಾತ್ರ ಹೊರಟುಹೋದವು.

ತಿದ್ದುವ ಕೈಯ ಬೆಲೆ ನಮಗೆ ಇನ್ನೊಂದು ರೀತಿಯಲ್ಲೂ ಗೊತ್ತು. ಊರಲ್ಲಿ ಬಿಇ ಕೊನೆಯ ವರ್ಷ ದುಡ್ಡು ಕಟ್ಟಿದರೆ ಮೂರೇ ದಿನಕ್ಕೆ ಪೇಪರ್ ಹಾಕುವ 'ಅಂತರರಾಷ್ಟ್ರೀಯ' ಪತ್ರಿಕೆಗಳನ್ನು ನೋಡಿಲ್ವಾ? ಅವೂ ಓಪನ್ ಆಕ್ಸೆಸ್ಸೇ! ಬಾಗಿಲೇನೋ ತೆಗೆದೇ ಇದೆ, ಒಳಗೆ ಓದಿ ತಪ್ಪು ಹಿಡಿಯುವವರೇ ಇಲ್ಲ.

ಇನ್ನೊಂದು ಮಾತು. ಡಚ್ ವಿಶ್ವವಿದ್ಯಾಲಯಗಳು ದೊಡ್ಡ ಪ್ರಕಾಶಕರ ಜೊತೆ ಒಪ್ಪಂದ ಮಾಡಿಕೊಂಡಿರುವುದರಿಂದ ಅನೇಕ ಪತ್ರಿಕೆಗಳಲ್ಲಿ ಇಲ್ಲಿನವರ ಲೇಖನ, ಅವರ ಕೈಯಿಂದ ದುಡ್ಡು ಖರ್ಚಾಗದೆ, ಮುಕ್ತವಾಗಿ ಬರುತ್ತದೆ. ಅದೇ ಪತ್ರಿಕೆಗೆ ಕಲಬುರಗಿಯಿಂದಲೋ ಕಾಸರಗೋಡಿನಿಂದಲೋ ಬರೆಯುವವರು ಶುಲ್ಕ ಎಲ್ಲಿಂದ ತರಬೇಕು? ಓದುಗರಿಗೆ ತೆರೆದ ಬಾಗಿಲು ಬರೆಯುವವರಿಗೆ ಮುಚ್ಚಿದರೆ ಅದು ಅರ್ಧ ಮುಕ್ತಿ. ಭಾರತ ಸರ್ಕಾರ 2024ರ ನವೆಂಬರಿನಲ್ಲಿ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಓದುವವರಿಗೆ ಇದು ದೊಡ್ಡ ನೆರವೇ, ಆದರೆ ಚಂದಾ ನಿಂತ ದಿನ ಬಾಗಿಲು ಮತ್ತೆ ಮುಚ್ಚುತ್ತದೆ.

ಬೇರೆ ದಾರಿಯೂ ಉಂಟು. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ 'ರೆಸೊನೆನ್ಸ್', 'ಸಾಧನಾ'ದಂಥ ಪತ್ರಿಕೆಗಳ ಲೇಖನಗಳನ್ನು ಅಕಾಡೆಮಿಯ ತಾಣದಲ್ಲೇ ಪುಕ್ಕಟೆ ಓದಬಹುದು. ಪತ್ರಿಕೆಯನ್ನು ವಿದ್ವಾಂಸರ ಸಂಸ್ಥೆಯೇ ನಡೆಸುವುದು ನಮ್ಮ ನಾಡಿಗೆ ಹೊಸದೇನಲ್ಲ.

"ಪಿಎಚ್‌ಡಿ ಸೀಟು ಬೇಕಲ್ಲ, ಹೆಸರಿರೋ ಪತ್ರಿಕೆ ಬಿಡೋಕಾಗುತ್ತಾ?" ಅನ್ನೋ ಗೆಳೆಯರ ಮಾತೂ ಸುಳ್ಳಲ್ಲ. ಆದರೆ ಗಾಳಿ ತಿರುಗುತ್ತಿದೆ: ನೇಮಕಾತಿ, ಬಡ್ತಿಗೆ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡುವುದನ್ನು ಬಿಡುತ್ತೇವೆ ಎಂದು ಉಟ್ರೆಕ್ಟ್ ವಿಶ್ವವಿದ್ಯಾಲಯ 2021ರಲ್ಲೇ ಸಾರಿತು.

ಹೆಸರಿರೋ ಪತ್ರಿಕೆಗೇ ಕಳಿಸಿದರೂ ಒಂದು ಕೆಲಸ ಮಾಡಬಹುದು. 2015ರಲ್ಲಿ ಜಾರಿಗೆ ಬಂದ ಟಾವೆರ್ನೆ ತಿದ್ದುಪಡಿಯ ಬಲದಿಂದ ಇಲ್ಲಿನ ವಿಶ್ವವಿದ್ಯಾಲಯಗಳು ತಮ್ಮ ಸಂಶೋಧಕರ ಲೇಖನಗಳನ್ನು ಆರು ತಿಂಗಳ ನಂತರ ತಮ್ಮ ಭಂಡಾರದಲ್ಲಿ ಎಲ್ಲರಿಗೂ ತೆರೆದಿಡುತ್ತವೆ. ಗೈಡ್ ಜೊತೆ ಬರೆದ ಪೇಪರಿಗೆ ಇದು ಸಿಗುತ್ತದಾ ಅಂತ ಲೈಬ್ರರಿಯಲ್ಲಿ ಕೇಳಿ. ಅದರ ಜೊತೆಗೆ ಕನ್ನಡದಲ್ಲಿ ಒಂದು ಪುಟದ ಸಾರಾಂಶ ಬರೆಯೋಣ. ಊರಿನ ಜೂನಿಯರ್‌ಗಳಿಗೆ ನಾವು ಕೊಡಬಹುದಾದ ಅತಿ ಅಗ್ಗದ, ಆದರೆ ಬಾಳಿಕೆ ಬರುವ ಉಡುಗೊರೆ ಅದು.