ಹಿಟ್ಟಿನ ಕೋಳಿ, ಹಿಟ್ಟಿನ ಉಂಡೆ

ಕೆಮ್ಮಣ್ಣುಗುಂಡಿಯ ಬೆಟ್ಟಸಾಲಿನಿಂದ ಹೆಬ್ಬೆಯಲ್ಲಿ ಧುಮುಕುವ ನೀರು ಮುಂದೆ ಭದ್ರೆಯನ್ನು ಸೇರುತ್ತದೆ. ಅದೇ ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿಯಲ್ಲಿ, ಊರ ನಡುವೆ ಹರಿಯುವ ತುಂಗೆಯ ಮೆಟ್ಟಿಲುಗಳ ಬಳಿ, ಗೆಂಡೆಯ ಬಳಗಕ್ಕೆ ಸೇರಿದ ಭಾರಿ ಮೀನುಗಳು ಯಾತ್ರಿಕರು ಎಸೆಯುವ ಮಂಡಕ್ಕಿಗೆ ಮುತ್ತಿಕೊಳ್ಳುತ್ತವೆ. ಅಲ್ಲಿ ಗಾಳ ಹಾಕುವಂತಿಲ್ಲ. ಲಾಸ್ ಏಂಜಲೀಸ್ ನಗರದ ಕಾಂಕ್ರೀಟು ದಡಗಳ ನಡುವಣ ನದಿಯಲ್ಲಿ ಅದೇ ಗೆಂಡೆಗೆ ಬೇರೆಯೇ ಆತಿಥ್ಯ: ಕೊಕ್ಕೆಗೆ ಗರಿ, ನೂಲು ಸುತ್ತಿ ನೊಣವೆಂದು ನಂಬಿಸುವುದು, ದಣಿಸಿ ದಡಕ್ಕೆಳೆಯುವುದು, ಚಿತ್ರ ತೆಗೆದುಕೊಂಡು ಮರಳಿ ನೀರಿಗೆ ಬಿಡುವುದು. ಕಾವೇರಿಯ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿಯೂ ಮಹಶೀರ್ ಮೀನಿಗೆ ಇದೇ ಪದ್ಧತಿ ಬಹುಕಾಲ ನಡೆಯಿತು. ಅಲ್ಲಿ ನೂಲಿನ ನೊಣಕ್ಕಿಂತ ರಾಗಿಹಿಟ್ಟಿನ ಉಂಡೆಯೇ ಪ್ರಸಿದ್ಧ.

ಹಿಡಿದದ್ದನ್ನು ಬಿಟ್ಟುಬಿಡುವುದರಿಂದ ಇದು ಹಿಂಸೆಯಲ್ಲವೆಂಬುದು ಗಾಳಪ್ರಿಯರ ವಾದ. ಕನ್ನಡ ಓದಿದವರು ಈ ವಾದವನ್ನು ತಲೆಯಾಡಿಸಿ ಒಪ್ಪುವುದು ಆಶ್ಚರ್ಯಕರ. 1209ರಲ್ಲಿ ಜನ್ನನು ರಚಿಸಿದ 'ಯಶೋಧರ ಚರಿತೆ' ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡ ಕಾವ್ಯ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದ ಯಶೋಧರನು ಜೀವವಿರುವ ಕೋಳಿಯನ್ನು ಬಿಟ್ಟು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ರಕ್ತವಿಲ್ಲ, ಪ್ರಾಣವಿಲ್ಲ. ಆದರೂ ಕತ್ತಿ ಎತ್ತಿದ ಸಂಕಲ್ಪಕ್ಕೆ ತಾಯಿಮಗ ಇಬ್ಬರೂ ಜನ್ಮಜನ್ಮಾಂತರದ ಬೆಲೆ ತೆರುತ್ತಾರೆ. ಆ ಭವಾವಳಿಯಲ್ಲಿ ಒಂದು ಜನ್ಮ ಉಜ್ಜಯಿನಿಯ ಸಿಪ್ರಾ ನದಿಯ ಮೀನಿನದು. ಯಶೋಧರನ ಕಥಾಪರಂಪರೆಯಲ್ಲಿ ಅದು ರೋಹಿತ ಮತ್ಸ್ಯ, ಇಂದಿನ ರೋಹು, ಗೆಂಡೆಯ ಬಳಗದ್ದೇ. ನಗರದ ನದಿಯಲ್ಲಿ ಸೆರೆಸಿಕ್ಕ ಗೆಂಡೆಯ ಕಥೆ ಕನ್ನಡಕ್ಕೆ ಹೊಸದಲ್ಲ.

ಮೀನಿಗೆ ನೋವಾಗುತ್ತದೆಯೇ ಎಂಬ ಜೀವವಿಜ್ಞಾನದ ಚರ್ಚೆ ಬೆಳೆಯುತ್ತಲೇ ಇರಲಿ. ಜನ್ನನ ಮುಂದೆ ಅದು ಅಪ್ರಸ್ತುತ, ಏಕೆಂದರೆ ಹಿಟ್ಟಿನ ಕೋಳಿಗೆ ನೋವೆಂಬುದೇ ಇರಲಿಲ್ಲ. ಗಾಳಕ್ಕೆ ಸಿಕ್ಕ ಮೀನಿಗಾದರೋ ಜೀವವಿದೆ, ತುಟಿಯಿದೆ, ಪ್ರಾಣಭಯದ ಒದ್ದಾಟವಿದೆ. ಆ ಒದ್ದಾಟವೇ ಇಲ್ಲಿ ಆಟದ ಸ್ವಾರಸ್ಯ. ಹೊಟ್ಟೆಪಾಡಿಗಾಗಿ ಬಲೆ ಬೀಸುವ ಬೆಸ್ತನಿಗೆ ಈ ಸ್ವಾರಸ್ಯದ ಅಗತ್ಯವಿಲ್ಲ. ಮೀನು ಬೇಗ ಸಿಕ್ಕಷ್ಟೂ ಅವನಿಗೆ ಲಾಭ.

ಈ ವಿಷಯದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹೆಚ್ಚು ಪ್ರಾಮಾಣಿಕ. ಹನ್ನೆರಡನೆಯ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಮೀನುಗಳ ಬಗೆ, ಅವಕ್ಕೆ ಆಹಾರ ಹಾಕಿ ಪಳಗಿಸುವ ಕ್ರಮ, ಗಾಳ ಹಾಕುವ ವಿಧಾನಗಳನ್ನು ವಿವರಿಸಿ ಆ ಭಾಗಕ್ಕೆ ಅವನು ಕೊಟ್ಟ ಹೆಸರು 'ಮತ್ಸ್ಯವಿನೋದ'. 1951ರಲ್ಲಿ ಮೀನುತಜ್ಞ ಸುಂದರಲಾಲ್ ಹೋರಾ ಇದನ್ನು ವಿಜ್ಞಾನಿಗಳ ಗಮನಕ್ಕೆ ತಂದರು. ಅರಸನಿಗೆ ಅದು ವಿನೋದ. ಅದಕ್ಕೆ ಸಂರಕ್ಷಣೆಯೆಂಬ ಹೊದಿಕೆಯನ್ನು ಅವನು ಹೊದಿಸಲಿಲ್ಲ.

ಇಂದಿನವರು ಹೊದಿಸುತ್ತಾರೆ. ಗಾಳದ ಶಿಬಿರಗಳಿದ್ದಾಗ ಕಳ್ಳಬೇಟೆಗಾರರೇ ಕಾವಲುಗಾರರಾದರು, ಸಿಡಿಮದ್ದಿನ ಹಾವಳಿ ತಗ್ಗಿತು ಎಂಬ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಭಕ್ತಿಯೊಂದೇ ಸಾಲದೆಂಬುದಕ್ಕೂ ಸಾಕ್ಷಿಯಿದೆ: 1996ರಲ್ಲಿ ಶಿಶಿಲದ ಮತ್ಸ್ಯತೀರ್ಥದಲ್ಲಿ ವಿಷಪ್ರಾಶನದಿಂದ ದೇವರ ಮೀನುಗಳು ರಾಶಿರಾಶಿಯಾಗಿ ಸತ್ತವು. ಆದರೆ ಗಾಳದ ಲೆಕ್ಕವನ್ನೂ ಪೂರ್ತಿಯಾಗಿ ಓದಬೇಕು. ಆಟಕ್ಕೆ ಮೀನು ಹೆಚ್ಚಲೆಂದು ಕಾವೇರಿಗೆ ಹೊರಗಿನ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಬಿಡಲಾಯಿತು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಳಗಾರರೇ ಬರೆದಿಟ್ಟ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿದಾಗ, ಸಿಗುವ ಮೀನುಗಳ ಸಂಖ್ಯೆ ಏರಿತ್ತು. ಕಾವೇರಿಯದೇ ಆದ ಬೆನ್ನುಬ್ಬಿದ ಮಹಶೀರ್ ಮಾತ್ರ ಕ್ಷೀಣಿಸಿತ್ತು. 2018ರಲ್ಲಿ ಆ ಮೀನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿತು. ಏರಿದ ಸಂಖ್ಯೆಯನ್ನಷ್ಟೇ ತೋರಿಸಿ ಇದನ್ನು ಸಂರಕ್ಷಣೆಯೆನ್ನುವುದು ಪಾಠಾಂತರವನ್ನು ಮುಚ್ಚಿಟ್ಟು ಸಂಪಾದನೆ ಮಾಡಿದಂತೆ.

ನದಿಗೆ ಕಾವಲು ಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆ ಕಾವಲುಗಾರನ ಸಂಬಳಕ್ಕೆ ಮೀನಿನ ತುಟಿಯನ್ನು ಒತ್ತೆಯಿಡುವ ಬದಲು ಸರ್ಕಾರವೇ ಅದನ್ನು ಭರಿಸಲಿ. ಸಾಲದಿದ್ದರೆ, ಕಾವೇರಿಯ ಮೇಲೆ ಅಷ್ಟೊಂದು ಪ್ರೀತಿಯಿರುವ ಗಾಳಪ್ರಿಯರು ಗಾಳವನ್ನು ಮನೆಯಲ್ಲಿಟ್ಟು ಬಂದೂ ಅದೇ ಶುಲ್ಕವನ್ನು ಕಟ್ಟಬಹುದು.