ಶಾಲು ಹೊದಿಸುವ ಮೊದಲು

ಪ್ರತಿ ಮಾರ್ಚ್‌ನಲ್ಲಿ ನನಗೊಂದು ಕರೆ ಬರುತ್ತದೆ. ಮಹಿಳಾ ದಿನಾಚರಣೆಗೆ ಬನ್ನಿ, 2019ರ ಪ್ರವಾಹದಲ್ಲಿ ನೀವು ಹುಡುಗಿಯರು ಊರನ್ನು ಮತ್ತೆ ಎತ್ತಿ ನಿಲ್ಲಿಸಿದ ಕತೆ ಹೇಳಿ ಎಂದು. ಎರಡು ಸಲ ಹೋದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ನಾರಿಶಕ್ತಿಯ ಭಾಷಣ. ಸುಳ್ಳೇಕೆ ಹೇಳಲಿ, ಮೊದಲ ಸಲ ಖುಷಿಯೇ ಆಗಿತ್ತು. ಆ ಫೋಟೊವನ್ನು ನಮ್ಮವ್ವ ಈಗಲೂ ಗೋಡೆಗೆ ಹಾಕಿಟ್ಟಿದ್ದಾಳೆ. ಈ ವರ್ಷ ಹೋಗಲಿಲ್ಲ.

ನಮ್ಮೂರು ಮಲಪ್ರಭೆಯ ದಂಡೆಯಲ್ಲಿದೆ. ಆ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯ ತುಂಬಿ ನೀರು ಬಿಟ್ಟಾಗ ಹೊಳೆ ಊರೊಳಗೆ ಬಂತು. ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಸಿಕ್ಕ ಗಾಡಿ ಹತ್ತಿ ಬಂದರೆ, ಊರಿಗೆ ಊರೇ ಎತ್ತರದ ಶಾಲೆಯಲ್ಲಿತ್ತು. ಲಾರಿಗಟ್ಟಲೆ ರೊಟ್ಟಿ, ಬಿಸ್ಕತ್ತು, ಹಳೆ ಸೀರೆ ಬಂದವು. ರೊಟ್ಟಿ ಬಡಿದು ಕಳಿಸಿದ ಊರುಗಳ ಋಣ ದೊಡ್ಡದು. ಆದರೆ ಮುಟ್ಟಾದ ಹೆಣ್ಣುಮಕ್ಕಳು ಬಟ್ಟೆ ಎಲ್ಲಿ ಬದಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಾವು ಐದು ಹುಡುಗಿಯರು ಮೊದಲು ಮಾಡಿದ ಕೆಲಸ, ಇಸ್ಪೀಟು ಆಡುತ್ತಿದ್ದ ಗಂಡಸರಿಂದ ಒಂದು ಕೋಣೆ ಬಿಡಿಸಿಕೊಂಡದ್ದು. ಆಮೇಲೆ ಒಂದು ನೋಟ್‌ಬುಕ್ ಹಿಡಿದು ಮನೆಮನೆಯ ಪಟ್ಟಿ ಬರೆದೆವು.

ನನ್ನ ತಕರಾರು ಆ ಪಟ್ಟಿಯದು. ನಮ್ಮ ಕಡೆ ಒಂದೇ ಸೂರಿನ ಕೆಳಗೆ ಎರಡು ಮೂರು ಒಲೆಗಳಿರುತ್ತವೆ. ಬೇರೆಯಾದ ಮಗ, ಗಂಡ ಸತ್ತ ಸೊಸೆ, ತವರಿಗೆ ಮರಳಿದ ಮಗಳು. ಸರ್ವೆಗೆ ಬಂದವರು ಗೋಡೆ ಎಣಿಸಿದರು. ನಾವು ಒಲೆ ಎಣಿಸಿದ್ದೆವು. ಮನೆಗಳು ಎ, ಬಿ, ಸಿ ಎಂದು ಭಾಗವಾದವು. ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಅದೂ ಪಂಚಾಯಿತಿ ದಾಖಲೆಯಲ್ಲಿ ಹೆಸರಿದ್ದವರಿಗೆ. ನಮ್ಮ ಚಿಗವ್ವನ ಗಂಡ ಗೋವಾಕ್ಕೆ ದುಡಿಯಲು ಹೋದವನು ತಿರುಗಿ ಬಂದಿಲ್ಲ. ದಾಖಲೆಯಲ್ಲಿದ್ದದ್ದು ಸತ್ತ ಮಾವನ ಹೆಸರು. ಹಣ ಮೈದುನನ ಖಾತೆ ಸೇರಿತು. ನೋಟ್‌ಬುಕ್ ಹಿಡಿದು ಕಚೇರಿಗೆ ಹೋದ ನಮಗೆ ಸಿಕ್ಕ ಉತ್ತರ: “ನಿಮ್ಮ ಸೇವಾ ಭಾಳ ದೊಡ್ಡದು ತಂಗಿ. ಮನ್ಯಾಗ ಗಂಡಸರಿದ್ರ ಕಳಸ್ರಿ.”

ಸೇವೆ! ಆ ಪದವೇ ನನಗೀಗ ಅನುಮಾನ ಹುಟ್ಟಿಸುತ್ತದೆ. ಹುಡುಗಿಯರು ಮಾಡಿದ್ದನ್ನು ಸೇವೆ ಅಂದುಬಿಟ್ಟರೆ ಅದಕ್ಕೆ ಸಂಬಳ ಕೊಡಬೇಕಿಲ್ಲ, ಅವರ ಲೆಕ್ಕ ಒಪ್ಪಬೇಕಿಲ್ಲ, ಸಭೆಯಲ್ಲಿ ಕುರ್ಚಿ ಹಾಕಬೇಕಿಲ್ಲ. ವರ್ಷಕ್ಕೊಂದು ಶಾಲು ಸಾಕು.

2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಚೀಟಿಯಲ್ಲಿ ಕುಟುಂಬದ ಮುಖ್ಯಸ್ಥೆ 18 ದಾಟಿದ ಹಿರಿಯ ಹೆಂಗಸು. ಅಂದರೆ ಅಕ್ಕಿಗೆ ಚಿಗವ್ವ ಯಜಮಾನಿ, ಬಿದ್ದ ಮನೆಗೆ ಯಾರೂ ಅಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ತೆಗೆದು ನೋಡಿ. ಪರಿಹಾರದ ಮಾನದಂಡ ಹೇಳುವ 12ನೇ ಸೆಕ್ಷನ್ನಿನಲ್ಲಿ ಹೆಣ್ಣು ಬರುವುದು ವಿಧವೆಯಾಗಿ, ಅನಾಥರ ಜೊತೆಗೆ. ಜಿಲ್ಲಾ ಪ್ರಾಧಿಕಾರದಲ್ಲಿ ಇಷ್ಟು ಮಹಿಳೆಯರು ಇರಲೇಬೇಕು ಎಂಬ ಮಾತು ಅದರಲ್ಲಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಅರ್ಧ ಸ್ಥಾನ ನಮಗಿದೆಯಲ್ಲ ಎನ್ನುತ್ತೀರಿ. ಇದೆ. ಆ ಕುರ್ಚಿಯ ಮೇಲೆ ಎಷ್ಟು ಕಡೆ ಗಂಡಂದಿರು ಕೂತಿದ್ದಾರೆಂಬುದು ನಿಮಗೂ ಗೊತ್ತು.

ಹುಡುಗಿಯರಿಗೆ ಅನುಭವ ಸಾಲದು ಎಂಬುದು ಇನ್ನೊಂದು ವಾದ. ಅನುಭವಸ್ಥರು ಮಾಡಿದ್ದನ್ನೂ ನೋಡಿದ್ದೇವೆ. 2009ರ ನೆರೆಯ ನಂತರ ‘ಆಸರೆ’ ಯೋಜನೆಯಲ್ಲಿ ಸಾಲು ಸಾಲು ಮನೆ ಕಟ್ಟಿದರು. ಎಷ್ಟೋ ಊರುಗಳಲ್ಲಿ ಜನ ಹೋಗಲೇ ಇಲ್ಲ, ಅಂಗಳದಲ್ಲಿ ಜಾಲಿ ಬೆಳೆಯಿತು. ದನ ಎಲ್ಲಿ ಕಟ್ಟುತ್ತೀ, ಕುಳ್ಳು ಎಲ್ಲಿ ಒಟ್ಟುತ್ತೀ, ನೀರಿಗೆ ಎಷ್ಟು ದೂರ ನಡೀತೀ ಎಂದು ಒಬ್ಬ ಹೆಂಗಸನ್ನಾದರೂ ಕೇಳಬೇಕಿತ್ತು.

ಕೇಳಿದ ಕಡೆ ಕೆಲಸ ಬೇರೆ ರೀತಿಯೇ ಆಗಿದೆ. ಬೀದರಿಗೆ ಹತ್ತಿದ ಲಾತೂರಿನಲ್ಲಿ 1993ರ ಭೂಕಂಪದ ನಂತರ ಮಹಾರಾಷ್ಟ್ರ ಸರಕಾರ ಹಳ್ಳಿಯ ಹೆಂಗಸರನ್ನು ‘ಸಂವಾದ ಸಹಾಯಕ’ರನ್ನಾಗಿ ನೇಮಿಸಿತು. ಮನೆ ರಿಪೇರಿಯ ವಿಷಯದಲ್ಲಿ ಸರಕಾರಕ್ಕೂ ಮನೆಯವರಿಗೂ ನಡುವೆ ನಿಂತು ಮಾತಾಡುವ ಅಧಿಕೃತ ಕೆಲಸ ಅದು. 2001ರಲ್ಲಿ ಕಛ್ ನಡುಗಿದಾಗ ಲಾತೂರಿನ ಹೆಂಗಸರು ಅಲ್ಲಿಗೂ ಹೋದರು. ಅವರಿಗೆ ಮೊದಲು ಸಿಕ್ಕದ್ದು ನೇಮಕ, ಹೊಗಳಿಕೆ ಆಮೇಲೆ. ನಮ್ಮಲ್ಲಿ ಬರೀ ಹೊಗಳಿಕೆ.

ನಾವು ಕೇಳುವುದು ಹೆಚ್ಚೇನಲ್ಲ. ಹಾನಿಯ ಪಟ್ಟಿಗೆ ಊರಿನ ಹೆಣ್ಣುಮಕ್ಕಳ ಸಹಿಯೂ ಬೀಳಲಿ. ಕಟ್ಟುವ ಮನೆಗೆ ಅದರಲ್ಲಿ ಒಲೆ ಹಚ್ಚುವವಳ ಹೆಸರೂ ಸೇರಲಿ. ಆರು ತಿಂಗಳು ದುಡಿದವರಿಗೆ ಆರು ತಿಂಗಳ ಸಂಬಳ ಕೊಡಲಿ.

ನೋಟ್‌ಬುಕ್ ನನ್ನ ಹತ್ತಿರವೇ ಇದೆ. ನೀರು ತಾಗಿ ಅಂಚು ಕಂದಿದೆ, ಅಕ್ಷರ ಚೆನ್ನಾಗಿವೆ. 41ನೇ ಹೆಸರು ಚಿಗವ್ವನದು. ಅವಳಿನ್ನೂ ತಗಡಿನ ಶೆಡ್ಡಿನಲ್ಲಿದ್ದಾಳೆ. ಮುಂದಿನ ಮಾರ್ಚ್‌ನಲ್ಲಿ ಕರೆಯುವವರಿಗೆ ಆ ಪುಟದ ಝೆರಾಕ್ಸ್ ಕೊಡುತ್ತೇನೆ. ವೇದಿಕೆಯಲ್ಲಿ ಓದುವುದು ಬೇಡ, ನನ್ನ ಜೊತೆ ಕಚೇರಿಗೆ ಬನ್ನಿ.